ಮರಿಯ ಕಡೆ ಎಸೆದ ರೊಟ್ಟಿ

ನಿನ್ನೆ ಸಿಂದಗಿ ರಸ್ತೆಯ ಹೊಲದಲ್ಲಿ ಯಾರೋ ಕಬ್ಬಿನ ರವದಿ, ಅಂದರೆ ಒಣಗಿದ ಸೋಗೆ, ಸುಡುತ್ತಿದ್ದರು. ಹೊಗೆ ಮೂಗಿಗೆ ಬಡಿದದ್ದೇ ತಡ, ನಡುದಾರಿಯಲ್ಲೇ ನಿಂತು ಆಚೆ ಈಚೆ ನೋಡಿದೆ. ನಗಬೇಡಿ. ಅಸ್ಸಾಮಿನ ಆ ಕಾಡಿನಲ್ಲೂ ಸುಟ್ಟ ಹುಲ್ಲಿನ ಇದೇ ವಾಸನೆಯಿತ್ತು.

ಹೋದ ವರ್ಷ ದೇವಿಯ ದರ್ಶನಕ್ಕೆಂದು ಅತ್ತ ಹೋಗಿದ್ದೆವು: ನಾನು, ಯಜಮಾನರು, ನಾದಿನಿ ನೀಲವ್ವ. ಘೇಂಡಾಮೃಗ ನೋಡುವ ಹಟ ಯಜಮಾನರದು. ದೇವರ ದಯೆ, ಮೂವರಿಗೂ ಒಂದೇ ಜೀಪಿನಲ್ಲಿ ಜಾಗ ಸಿಕ್ಕಿತು. ಬೆಳಗಿನ ಮಂಜಿನಲ್ಲಿ ತಾಯಿ, ಮರಿ ಎರಡೂ ದಾರಿಯ ಬದಿಗೇ ಮೇಯುತ್ತಿದ್ದವು. ಯಜಮಾನರು ಫೋಟೊ ತೆಗೆದದ್ದೇ ತೆಗೆದದ್ದು.

ನಮ್ಮ ಮನೆಯಲ್ಲಿ ಹಂಚಿನಿಂದಿಳಿದ ಮೊದಲ ರೊಟ್ಟಿ ಆಕಳಿಗೆ. ಮೂವತ್ತು ವರ್ಷದ ರೂಢಿ. ಕೈ ನನ್ನನ್ನು ಕೇಳಲಿಲ್ಲ. ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಮರಿಯ ಕಡೆ ಎಸೆದೆ. ಅದು ಜೀಪಿನ ಮುಂದೆ ಬಿತ್ತು. ಮರಿ ಬಂದು ಮೂಸಿತು, ತಿನ್ನಲಿಲ್ಲ, ಹಾಗೇ ಆಚೆ ಬದಿಗೆ ದಾಟಿತು. ಈಗ ಈಚೆ ತಾಯಿ, ಆಚೆ ಮರಿ, ನಡುವೆ ನಾವು.

ತಾಯಿ ತಲೆಯೆತ್ತಿ ಬುಸ್ಸೆಂದಿತು. ಯಾರೂ ಅಲ್ಲಾಡಬೇಡಿ ಎಂದು ಡ್ರೈವರ್ ಹಿಂದಿಯಲ್ಲಿ ಪಿಸುಗುಟ್ಟಿದ. ಜೊತೆಗಿದ್ದ ಅರಣ್ಯ ಕಾವಲುಗಾರ ಬಂದೂಕು ಕೈಗೆತ್ತಿಕೊಂಡ.

“ಯವ್ವಾ ವೈನಿ, ಅದೇನ್ ನಿಮ್ಮ ಬಾಗಿಲಿಗೆ ಬರೂ ಆಕಳೇನ್ರಿ, ರೊಟ್ಟಿ ಒಗ್ಯಾಕ!” ಎಂದಳು ನೀಲವ್ವ.

“ಬಾಯ್ ಮುಚ್ಚ, ನೀಲಾ,” ಎಂದರು ಯಜಮಾನರು.

“ರೀ, ಅಂವಾ ಗುಂಡ್ ಹಾರಸ್ತಾನೇನ್ರಿ?” ಎಂದೆ.

“ಮೈಮ್ಯಾಲೆ ಬಂದ್ರ ಏನ್ ಮಾಡ್ಯಾನು? ಸುಮ್ಮ ಕೂಡು.”

ಜೀಪು ಉರುಳಿದರೆ ನಾವು; ಗುಂಡು ತಗುಲಿದರೆ ಅದು. ಆಚೆ ಮರಿ ಕೂಗತೊಡಗಿತ್ತು. ಶಿವನೇ, ತಪ್ಪು ನನ್ನದು, ಆ ತಾಯಿಗೇನೂ ಆಗದಿರಲಿ ಎಂದು ಬೇಡಿಕೊಂಡೆ. ತಾಯಿ ನಾಲ್ಕು ಹೆಜ್ಜೆ ರಭಸದಿಂದ ಬಂದು ನಿಂತಿತು. ಎಂಜಿನ್ ಚಾಲೂ ಇತ್ತು, ಅದೊಂದು ಪುಣ್ಯ. ಡ್ರೈವರ್ ಜೀಪನ್ನು ಇಂಚಿಂಚೇ ಹಿಂದಕ್ಕೆ ಸರಿಸಿದ. ದಾರಿ ತೆರವಾಯಿತು. ಮರಿ ಓಡಿ ದಾಟಿ, ತಾಯಿಯ ಹೊಟ್ಟೆಗೆ ಮುಖ ಒತ್ತಿತು.

ಕಾವಲುಗಾರ ಬಂದೂಕು ಇಳಿಸಿ ನನ್ನತ್ತ ನೋಡಿದ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಊರಲ್ಲಿ ಫೋಟೊ ನೋಡಿದವರೆಲ್ಲ ಭೇಷ್ ಅನ್ನುತ್ತಾರೆ. ರೊಟ್ಟಿಯ ಮಾತನ್ನು ನಾವು ಮೂವರೂ ಎತ್ತುವುದಿಲ್ಲ.

ಪಕ್ಕದ ಮನೆಯ ಶಾಂತಾ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಇಂದು ಕೂಸು ನೋಡಲು ಹೋದೆ. ಮೊದಲಾಗಿದ್ದರೆ ಹೊಸ್ತಿಲು ದಾಟಿದವಳೇ ಕೂಸನ್ನೆತ್ತಿ, ತುಟಿಗೆ ಬೆಲ್ಲ ಸವರಿ, ಆಮೇಲೆ ತಾಯಿಯನ್ನು ಮಾತಾಡಿಸುತ್ತಿದ್ದೆ. ಇಂದು ತಾಯಿ-ಕೂಸಿನ ನಡುವೆ ಹೋಗದೆ ಗೋಡೆಗೊರಗಿ ಕುಳಿತೆ.

“ಯಾಕ್ ಕಾಕು, ದೂರ ಕುಂತ್ರಿ? ಎತ್ಕೋರಿ,” ಎಂದಳು ಶಾಂತಾ.

“ನೀನ ಕೊಡವ್ವಾ,” ಎಂದು ಕೈ ಚಾಚಿದೆ.