ಬದರಿಯ ಬಿಸಿನೀರಲ್ಲಿ ಅತ್ತೆಯ ಕೈ

ನಮ್ಮ ಮನೆಯಲ್ಲಿ ಸ್ನಾನದ ನೀರಿಗೆ ಹದ ಹೇಳುತ್ತಿದ್ದದ್ದು ನಮ್ಮತ್ತೆಯ ಕೈ. ಹಂಡೆಯ ನೀರು ಮೊಗೆದು ತಣ್ಣೀರು ಬೆರೆಸಿಟ್ಟರೆ, ಅವರು ಬಂದು ಮಣಿಕಟ್ಟಿನವರೆಗೆ ಕೈ ಅದ್ದಿ, ಒಂದು ಸುತ್ತು ತಿರುವಿ, "ಹೂಂ, ಹುಯ್ಕೊಳ್ಳಿ" ಅನ್ನಬೇಕು. ನಾನು ರೇಷ್ಮೆಯ ಊರಾದ ವಿಜಯಪುರಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಒಮ್ಮೆ ನಾನೇ ಕೈ ಇಟ್ಟು ನೋಡಿದ್ದಕ್ಕೆ, "ನಿನ್ ಕೈಗೇನಮ್ಮಾ ಗೊತ್ತು, ಅದಿನ್ನೂ ಪುಸ್ತಕ ಹಿಡಿಯೋ ಕೈ" ಎಂದು ನಕ್ಕಿದ್ದರು.

ಅವರದು ರೇಷ್ಮೆ ನೂಲು ಬಿಚ್ಚಿದ ಕೈ. ನಲವತ್ತು ವರ್ಷ ಒಲೆಯ ಮುಂದೆ ಕೂತು, ಕುದಿನೀರಿನಲ್ಲಿ ತೇಲುವ ಗೂಡುಗಳ ನಡುವೆ ಬೆರಳಾಡಿಸಿ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಹಿಡಿದು ಎಳೆದ ಕೈ. ಪಕ್ಕದಲ್ಲಿ ಒಂದು ಬೋಗುಣಿ ತಣ್ಣೀರು ಇರುತ್ತಿತ್ತು. ಬೆರಳು ಉರಿದಾಗ ಅದರಲ್ಲಿ ಅದ್ದಿ ಮತ್ತೆ ಬಿಸಿಗೆ. ನೀರು ಹೆಚ್ಚು ಕಾದರೂ ಕೆಟ್ಟಿತು, ಕಡಿಮೆಯಾದರೂ ಎಳೆ ಬಿಚ್ಚುವುದಿಲ್ಲ. ಆ ಹದ ಅವರ ಬೆರಳುಗಳಿಗೆ ಗೊತ್ತಿತ್ತು. ಮಷೀನು ಬಂದು ನಮ್ಮ ಒಲೆಗಳು ಆರಿದ ಮೇಲೂ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಲಿ, ನೀರು ಹಾಕಲು ನಮ್ಮತ್ತೆಗೇ ಕರೆ. ನನ್ನ ಮಗಳಿಗೆ ಮೊದಲ ಬಿಸಿನೀರು ಹಾಕಿದ್ದೂ ಅವರೇ. ಈಗ ಅದೇ ಮಗಳು ಐದು ತಿಂಗಳ ಬಸುರಿ. ಬಾಣಂತನಕ್ಕೆ ನಮ್ಮ ಮನೆಗೇ ಬರುವವಳು. ಅತ್ತೆಯಂತೂ ಮರಿಮಗುವಿಗೆ ನೀರು ಹಾಕುವ ಮಣೆಯನ್ನು ಅಟ್ಟದಿಂದ ಇಳಿಸಿ, ತೊಳೆದು, ಒಣಗಿಸಿ ಆಗಿತ್ತು.

ಅಂಥ ಹೊತ್ತಿನಲ್ಲಿ ಅವರು ಬದರಿಗೆ ಹೋಗಬೇಕೆಂದು ಹಟ ಹಿಡಿದರು. ನಮ್ಮೂರಿಂದ ಒಂದು ಯಾತ್ರೆಯ ತಂಡ ಹೊರಟಿತ್ತು. "ಹೆರಿಗೆ ಮುಗೀಲಿ ಅತ್ತೆ, ಮುಂದಿನ ಸಲ ಹೋಗೋಣ" ಎಂದೆ.

"ಆಮೇಲಲ್ಲ ಕಣಮ್ಮ, ಈಗ್ಲೇ ಹೋಗ್ಬೇಕು" ಎಂದರು.

"ದೇವ್ರು ಎಲ್ಲಿಗೋಗ್ತಾನೆ ಅತ್ತೆ?"

"ದೇವ್ರಿರ್ತಾನೆ. ಅಲ್ಲಿ ಬಿಸಿನೀರೈತಂತಲ್ಲ, ಅದ್ರಲ್ಲಿ ಮೀಬೇಕು ನಾನು."

ಮುದುಕರ ಆಸೆ ಎಂದುಕೊಂಡು ನಾನೂ ಜೊತೆಗೆ ಹೊರಟೆ.

ಬದರಿಯ ಚಳಿಯನ್ನು ಹೇಗೆ ಹೇಳಲಿ? ಶಿವಗಂಗೆ ಬೆಟ್ಟದ ಮೇಲೆ ಬೀಸುವ ಗಾಳಿಯನ್ನೇ ಚಳಿ ಎಂದು ಕರೆದುಕೊಂಡಿದ್ದವರು ನಾವು. ಇಲ್ಲಿ ಮಾತಾಡಿದರೆ ಬಾಯಿಂದ ಹೊಗೆ. ಲೋಟದ ಕಾಫಿಯಿಂದ ಹೊಗೆ, ನೆನೆದ ಸೀರೆಯಿಂದ ಹೊಗೆ, ನಿಂತ ಹೇಸರಗತ್ತೆಯ ಮೈಯಿಂದಲೂ ಹೊಗೆ. ಕೆಳಗೆ ಅಲಕನಂದೆ ಮಂಜು ಕರಗಿದ ನೀರು ಹೊತ್ತು ಭೋರಿಡುತ್ತಿದ್ದಾಳೆ. ಹತ್ತು ಹೆಜ್ಜೆ ಮೇಲೆ, ಗುಡಿಯ ಬುಡದಲ್ಲಿ, ಬೆಟ್ಟದ ಹೊಟ್ಟೆಯಿಂದ ಸುಡುನೀರು ಬರುತ್ತದೆ. ಒಲೆಯಿಲ್ಲ, ಸೌದೆಯಿಲ್ಲ. "ಒಳಗ್ಯಾರೋ ಗೂಡು ಬೇಯಿಸ್ತಾವ್ರೆ ಕಣೇ" ಎಂದು ನಮ್ಮ ಎದುರುಮನೆಯಾಕೆ ಕಣ್ಣರಳಿಸಿದಳು. ಅವಳೂ ನಮ್ಮ ಜೊತೆ ಬಂದಿದ್ದಳು. ಬಾಯಿ ಸುಮ್ಮನಿರದ ಹೆಂಗಸು.

ಹೆಂಗಸರಿಗೆ ಗೋಡೆ ಕಟ್ಟಿದ ಬೇರೆ ಜಾಗವಿತ್ತು. ಒಳಗೆ ಹಬೆಯೋ ಹಬೆ. ಎಲ್ಲರೂ ಕೊಳದ ಅಂಚಿನಲ್ಲಿ ಕೂತು ಚೊಂಬಿನಲ್ಲಿ ಮೊಗೆದು, ತಣ್ಣೀರು ಬೆರೆಸಿ, ಹಾ ಹೂ ಎನ್ನುತ್ತ ಹುಯ್ದುಕೊಳ್ಳುತ್ತಿದ್ದರು. ನಮ್ಮತ್ತೆ ಮಾತ್ರ ನೇರ ಮೂಲೆಗೆ ನಡೆದರು. ಅಲ್ಲಿ ಗೋಡೆಯ ಬಾಯಿಯಿಂದ ನೀರು ಹೊಸದಾಗಿ ಬಂದು ಬೀಳುತ್ತಿತ್ತು. ಅದರ ಹತ್ತಿರ ಯಾರೂ ಕೂತಿರಲಿಲ್ಲ. ನಾನೂ ಹಿಂದೆಯೇ ಹೋದೆ.

"ಹೆಂಗೈತತ್ತೆ?"

ಬೀಳುವ ನೀರಿಗೆ ಕೈ ಒಡ್ಡಿದರು. ಸ್ವಲ್ಪ ಹೊತ್ತು ಹಿಡಿದೇ ಇದ್ದರು. "ಹದವಾಗೈತೆ. ಕುತ್ಕೋ, ಬೆನ್ನಿಗೆ ಹುಯ್ತೀನಿ."

ಮೂವತ್ತು ವರ್ಷದ ಅಭ್ಯಾಸ. ನಾನು ನೀರು ಮುಟ್ಟಿ ನೋಡಲಿಲ್ಲ. ಬೆನ್ನು ಕೊಟ್ಟು ಕೂತೆ.

ಚೊಂಬು ಬಗ್ಗಿತು. ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ, ಸುತ್ತಲ ಹೆಂಗಸರೆಲ್ಲ ತಿರುಗಿದ್ದು ಕಂಡಿತು. ಯಾರೋ ಹಿಂದಿಯಲ್ಲಿ ಬೈದು ನನ್ನ ತೋಳು ಹಿಡಿದೆಳೆದು ಬೆನ್ನಿಗೆ ಒಂದು ಬಕೀಟು ತಣ್ಣೀರು ಸುರಿದರು. ಆ ತಣ್ಣೀರಿಗೆ ಇನ್ನೊಮ್ಮೆ ಕಿರುಚಿದೆ.

"ಅಯ್ಯೋ ನಿನ್ನ! ಸೊಸೇನ ಬೇಯ್ಸಕ್ಕೆ ಬದರೀಗಂಟ ಕರ್ಕೊಂಡ್ ಬಂದವ್ಳಲ್ಲೇ ನಮ್ಮಕ್ಕ! ಊರಲ್ಲೇ ಒಲೆ ಇರ್ಲಿಲ್ವಾ?" ಎಂದಳು ಎದುರುಮನೆಯಾಕೆ. ನಮ್ಮೂರಿನವರೆಲ್ಲ ನಕ್ಕರು. ಉರಿಯ ನಡುವೆ ನನಗೂ ನಗು ಬಂತು. ನಗುತ್ತಲೇ ಅತ್ತೆಯ ಕಡೆ ತಿರುಗಿದೆ.

ಅವರು ನಗುತ್ತಿರಲಿಲ್ಲ. ಚೊಂಬು ಕೆಳಗೆ ಬಿದ್ದಿತ್ತು. ಬಲಗೈ ಮತ್ತೆ ಆ ನೀರಿನ ಬಾಯಿಗೆ ಹೋಗಿತ್ತು. ಮಣಿಕಟ್ಟಿನವರೆಗೆ ಕೆಂಪಗೆ, ಸಿಪ್ಪೆ ಸುಲಿದ ಬೀಟ್‌ರೂಟಿನ ಹಾಗೆ. ನನ್ನ ಬೆನ್ನಿಗೆ ಒಂದು ಚೊಂಬು ಬಿದ್ದದ್ದಕ್ಕೇ ಪ್ರಾಣ ಹೋದಂತಾಗಿತ್ತು. ಅವರು ಅದೇ ನೀರಿನ ಕೆಳಗೆ ಕೈ ಹಿಡಿದುಕೊಂಡು, ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು.

"ಅತ್ತೆ, ಕೈ ತೆಗೀರಿ!"

ತೆಗೆಯಲಿಲ್ಲ. ನಾನೇ ಹೋಗಿ ಎಳೆದೆ. ಆಗ ಅವರು ತಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು, ಯಾರೋ ಮರೆತುಹೋದ ಸಾಮಾನು ನೋಡುವ ಹಾಗೆ. "ಸುಡ್ತೈತಾ ಇದು?" ಎಂದು ನನ್ನನ್ನು ಕೇಳಿದರು.

ಸೆರಗನ್ನು ತಣ್ಣೀರಿನಲ್ಲಿ ಅದ್ದಿ ಅವರ ಕೈಗೆ ಸುತ್ತಿದೆ.

ಕೋಣೆಗೆ ಕರೆತಂದು, ಕೈಯನ್ನು ತಣ್ಣೀರಿನಲ್ಲಿ ಇರಿಸಿ ಕೂರಿಸಿದೆ. ಬೊಬ್ಬೆ ಏಳತೊಡಗಿತ್ತು. ಅದನ್ನೇ ನೋಡುತ್ತ ಅವರೇ ಬಾಯಿಬಿಟ್ಟರು.

"ಎಲ್ಡು ವರ್ಸ ಆಯ್ತು ಕಣಮ್ಮ. ಮೊದ್ಲು ತುದಿಬೆಳ್ಳು ಜೋಮು ಹಿಡ್ದಂಗಾಗದು. ಆಮೇಲೆ ಬಿಸೀನೂ ಇಲ್ಲ, ತಣ್ಣಗೂ ಇಲ್ಲ."

"ಮತ್ತೆ ಮನೇಲಿ ನೀರಿನ ಹದ ಹೇಳ್ತಿದ್ರಲ್ಲ?"

"ಹಬೆ ನೋಡಿ ಹೇಳ್ತಿದ್ದೆ. ಎಷ್ಟು ಹಬೆ ಬಂದ್ರೆ ಎಷ್ಟು ಬಿಸಿ ಅಂತ ಕಣ್ಗೆ ಗೊತ್ತಾಗ್ತಿತ್ತು. ಈ ಹಾಳೂರಲ್ಲಿ ಕತ್ತೆ ಮೈಮೇಲೂ ಹಬೆ ಬತ್ತದೆ, ಏನಂತ ನೋಡ್ಲಿ?"

ಎರಡು ವರ್ಷ! ನನಗೆ ಒಂದೊಂದೇ ನೆನಪಾಯಿತು. ಕಾದ ಹಂಚನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದರು. ಕೆಂಡದಿಂದ ಬದನೆಕಾಯಿಯನ್ನು ಬರಿಗೈಯಲ್ಲಿ ತೆಗೆಯುತ್ತಿದ್ದರು. ನಾನು, ನನ್ನ ಗಂಡ, ಮಕ್ಕಳು, "ರೇಷ್ಮೆ ಬಿಚ್ಚಿದ ಕೈ ನೋಡು ಹೆಂಗೈತೆ!" ಎಂದು ಬಂದವರಿಗೆಲ್ಲ ತೋರಿಸಿ ಹೊಗಳುತ್ತಿದ್ದೆವು. ಒಂದು ದಿನವೂ ಆ ಕೈಯನ್ನು ಹಿಡಿದು ನೋಡಿರಲಿಲ್ಲ.

"ಹೇಳ್ಬಾರ್ದಿತ್ತಾ ಅತ್ತೆ?"

"ಹೇಳಿದ್ರೆ ಮಗೀಗೆ ನೀರಾಕಕ್ಕೆ ಬಿಡ್ತಿದ್ರಾ ನನ್ನ? ಈ ನೀರಲ್ಲಿಟ್ರೆ ನರಗಿರ ಎಲ್ಲ ವಾಸಿಯಾಯ್ತದೆ ಅಂತಿದ್ರು. ಅದುಕ್ಕೇ ಮಗು ಹುಟ್ಟಕ್ಕೆ ಮುಂಚೆ ಬರಾನ ಅಂದೆ. ನೀನು ಕಿರುಚ್ಕೊಂಡಾಗ ಅನ್ಕೊಂಡೆ, ಇಷ್ಟು ಬಿಸಿ ಐತೆ ಅಂದ್ಮೇಲೆ ಇನ್ನೊಸಿ ಇಟ್ರೆ ಬಂದೇ ಬತ್ತದೆ ಅಂತ."

ನಾನು ಹೊರಗೆ ಹೋಗಿ ಗೋಡೆಗೊರಗಿ ನಿಂತೆ. ಈ ಕೈ ನನ್ನ ಮೊಮ್ಮಗುವಿಗೆ ನೀರು ಹಾಕುವುದಿತ್ತು. ನನ್ನ ಬೆನ್ನಿನ ಜಾಗದಲ್ಲಿ ಹನ್ನೊಂದು ದಿನದ ಕೂಸು.

ಊರಿಗೆ ಬಂದು ತೋರಿಸಿದಾಗ ಡಾಕ್ಟರು, ಸಕ್ಕರೆ ಕಾಯಿಲೆ ಬಹಳ ದಿನದಿಂದಲೇ ಇದೆ, ನರ ಸೋತಿದೆ, ಯಾಕೆ ತೋರಿಸಲಿಲ್ಲ ಎಂದು ನನ್ನ ಮುಖ ನೋಡಿದರು. ಬೊಬ್ಬೆ ಒಡೆದು ಒಣಗುವುದಕ್ಕೆ ತಿಂಗಳೇ ಹಿಡಿಯಿತು. ಅತ್ತೆ ಯಾರಿಗೂ ಹೇಳದೆ ಮಣೆಯನ್ನು ಮತ್ತೆ ಅಟ್ಟಕ್ಕೆ ಹಾಕಿದ್ದರು.

ಮಗಳು ಹೆತ್ತಳು. ಹೆಣ್ಣು ಮಗು. ನೀರು ಹಾಕುವ ದಿನ ನಾನೇ ಮಣೆ ಇಳಿಸಿದೆ. "ಬನ್ನಿ ಅತ್ತೆ" ಎಂದೆ. ಬಾಗಿಲಲ್ಲಿ ನಿಂತವರು ಅಲ್ಲಾಡಲಿಲ್ಲ. "ಕಾಲ ಮೇಲೆ ಮಲಗ್ಸ್ಕೊಳ್ಳೋದು, ಎಣ್ಣೆ ತೀಡೋದು ನನಗೆಲ್ಲಿ ಬರ್ತದೆ? ನೀರು ನಾನು ಹುಯ್ತೀನಿ, ಬನ್ನಿ" ಎಂದು ಮತ್ತೆ ಕರೆದೆ.

ಮಣೆಯ ಮೇಲೆ ಕೂತು ಕಾಲು ಚಾಚಿದರು. ಮಗುವನ್ನು ಮಲಗಿಸಿಕೊಂಡಾಗ ಕಾಲುಗಳು ತಾವಾಗಿಯೇ ತೊಟ್ಟಿಲಾದವು. ನಾನು ಬಕೀಟಿನೊಳಗೆ ಕೈ ಅದ್ದಿದೆ. ಹೊಸತರಲ್ಲಿ ನಗಿಸಿಕೊಂಡ ಆ ಒಂದು ಸಲ ಬಿಟ್ಟರೆ, ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ನೀರಿನ ಹದ ಹೇಳಲು ನಾನು ಕೈ ಅದ್ದಿದ್ದು ಅದೇ ಮೊದಲು. ತಣ್ಣೀರು ಬೆರೆಸಿದೆ, ಮತ್ತೆ ಅದ್ದಿದೆ, ಮತ್ತೆ ಬೆರೆಸಿದೆ.

"ಹದವಾಗೈತೆ ಅತ್ತೆ."

ಅವರು ನನ್ನ ಮುಖವನ್ನೇ ನೋಡಿದರು. "ಮೊದ್ಲು ನಿನ್ ತೋಳಿನ ಮೇಲೆ ಹುಯ್ಕೊ."

ಹುಯ್ದುಕೊಂಡೆ.

"ಕಿರುಚ್ಲಿಲ್ಲ" ಎಂದು ಕೂಸಿಗೆ ಹೇಳಿ, ನನ್ನ ಕಡೆ ತಿರುಗಿದರು. "ಹುಯ್ಯಿ."