ಹೊಂಬಾಳಮ್ಮನವರು ಸಾಕಿದ ಧೂಳು

ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥ ಬರೆಸಿ, ಹತ್ತು ಸಲ ಬಾಯಿಪಾಠ ಮಾಡಿಸಿ, ಗಂಟೆ ಹೊಡೆಯುವುದನ್ನೇ ಕಾಯುವ ಮೇಷ್ಟರುಗಳು ಬಹಳ. ಪದವನ್ನು ಮಕ್ಕಳ ಕೈಗೇ ಕೊಟ್ಟು ‘ಮುಟ್ಟಿ ನೋಡು’ ಎನ್ನುವವರು ವಿರಳ. ಆ ವಿರಳರ ಪಂಕ್ತಿಯಲ್ಲಿ, ಮಂಡ್ಯ ಸೀಮೆಯ ಮಟ್ಟಿಗಾದರೂ ಮೊದಲ ಮಣೆ ಸಲ್ಲಬೇಕಾದದ್ದು, ಮೂವತ್ತಮೂರು ವರ್ಷಗಳ ಸೇವೆ ಮುಗಿಸಿ ಇದೀಗ ನಿವೃತ್ತರಾಗುತ್ತಿರುವ ಶ್ರೀಮತಿ ಹೊಂಬಾಳಮ್ಮನವರಿಗೆ.

ಬ್ಲಫ್ ಎಂಬ ಊರಿನ ಬಳಿಯ ಶಾಲೆಗೆ ಸೇರಿದ ಹೊಸದರಲ್ಲೇ, ಹುಳಿ, ಒಗರು, ಕಹಿಗಳ ಇಂಗ್ಲಿಷ್ ಕಲಿಸಲೆಂದು ಹುಣಸೆಕಾಯಿ, ನೆಲ್ಲಿಕಾಯಿ, ಹಾಗಲಕಾಯಿಗಳನ್ನು ನಲವತ್ತು ಮಕ್ಕಳಿಗೆ ತಿನ್ನಿಸಿ, ಮಾರನೆಯ ದಿನ ಹದಿನೇಳು ಮಂದಿ ಹೊಟ್ಟೆನೋವಿನಿಂದ ಗೈರುಹಾಜರಾದದ್ದು ಅವರ ಮೊದಲ ಸಾಧನೆ. ಆ ಹದಿನೇಳು ಮನೆಗೂ ತಾವೇ ನಡೆದು ಹೋಗಿ, ಜೀರಿಗೆ ಕಷಾಯ ಕಾಸಿ ಕುಡಿಸಿ ಬಂದದ್ದು ಎರಡನೆಯದು. ಆ ಪದಗಳನ್ನು ಮಾತ್ರ ಆ ಮಕ್ಕಳು ಈವರೆಗೆ ಮರೆತಿಲ್ಲ.

ಮುಂದೆ ಭಾರತೀನಗರದ ಆಚೆಯ ಹಳ್ಳಿ ಶಾಲೆಗೆ ವರ್ಗವಾಯಿತು. ಅಲ್ಲಿ ದಿನಗೂಲಿಯ ಮೇಲೆ ಕಸ ಗುಡಿಸುತ್ತಿದ್ದವರು ಬೀರಮ್ಮ. ಅವರು ಗುಡಿಸಿದ ನೆಲದ ಮೇಲೇ ಅನ್ನ ಕಲಸಿ ಉಣ್ಣಬಹುದು ಎಂಬ ಮಾತಿತ್ತು. ಒಮ್ಮೆ ಎಂಟನೆಯ ತರಗತಿಯ ಮಕ್ಕಳೆಲ್ಲ ‘ಡಸ್ಟ್’ ಮತ್ತು ‘ಡರ್ಟ್’ ಎರಡಕ್ಕೂ ‘ಕೊಳೆ’ ಎಂದೇ ಬರೆದದ್ದನ್ನು ನೋಡಿ ಮೇಡಂ ಅವರಿಗೆ ಊಟ ಸೇರಲಿಲ್ಲ. ಮೊದಲನೆಯದು ಧೂಳು, ಕರೆಯದೆ ಬಂದು ಕೂರುತ್ತದೆ, ಊದಿದರೆ ಹಾರುತ್ತದೆ. ಎರಡನೆಯದು ಕೊಳೆ, ಮೆತ್ತಿಕೊಂಡರೆ ತೊಳೆದ ಹೊರತು ಬಿಡುವುದಿಲ್ಲ. ಬಾಯಲ್ಲೇನೋ ಹೇಳಿಕೊಟ್ಟದ್ದಾಯಿತು, ಅಷ್ಟೇ ಸಾಕೆ, ತೋರಿಸಬೇಡವೆ? ಕೊಳೆಗೇನೂ ಬರವಿಲ್ಲ, ಗದ್ದೆ ಬದುವಿನ ಮೇಲೆ ಬರುವ ಹುಡುಗರ ಕಾಲಲ್ಲೇ ಬೇಕಾದಷ್ಟು ಸಿಗುತ್ತದೆ. ಆದರೆ ಬೀರಮ್ಮನವರ ಶಾಲೆಯಲ್ಲಿ ಧೂಳನ್ನು ಎಲ್ಲಿಂದ ತರುವುದು? ಕಡೆಗೆ, ಕಬ್ಬಿನ ಲಾರಿ ಓಡಾಡುವ ರಸ್ತೆಯ ಕಡೆಯ ಕಿಟಕಿ ತೆರೆಸಿ, ಅದರಡಿಯ ಮೇಜನ್ನು ಹನ್ನೆರಡು ದಿನ ಯಾರೂ ಒರೆಸಕೂಡದೆಂದು ಕಟ್ಟಪ್ಪಣೆ ಮಾಡಿದರು.

“ಅಲ್ಲ ಕಣಮ್ಮ, ಜನ ಕೋಳಿ ಸಾಕ್ತಾರೆ, ಕುರಿ ಸಾಕ್ತಾರೆ. ನೀವೇನು ಧೂಳ ಸಾಕ್ತಾ ಕುಂತಿದ್ದೀರಲ್ಲ!” ಎಂದು ಬೀರಮ್ಮ ದಿನವೂ ಗೊಣಗಿದರು. ಆದರೂ ಮೇಜನ್ನು ಮುಟ್ಟಲಿಲ್ಲ.

ಹನ್ನೊಂದನೆಯ ದಿನ, ಹೇಳದೆ ಕೇಳದೆ ತಪಾಸಣೆಗೆ ಬಂದರು ಮಹದೇವಯ್ಯನವರೆಂಬ ಅಧಿಕಾರಿಗಳು. ಆ ದಿನ ರಸ್ತೆ ಅಗೆದಿದ್ದರಿಂದ ಕಾರು ನಿಲ್ಲಿಸಿ, ನೀರು ಬಿಟ್ಟ ಗದ್ದೆಯ ಬದುವಿನ ಮೇಲೆ ನಡೆದೇ ಬಂದಿದ್ದರು. ಬಂದವರು ನೆಟ್ಟಗೆ ಹೋಗಿ ಅದೇ ಮೇಜಿನ ಮೇಲೆ ಬಿಳಿ ಅಂಗಿಯ ತೋಳೂರಿದರು. ಎತ್ತಿದಾಗ ಅದು ರಾಗಿಹಿಟ್ಟು ಜರಡಿ ಹಿಡಿದವರ ತೋಳಿನಂತಾಗಿತ್ತು.

“ಯಾರ್ರೀ ಇಲ್ಲಿ ಕಸ ಗುಡ್ಸೋದು? ನಾಳೆಯಿಂದ ಅವರು ಬರೋದ್ ಬೇಡ,” ಎಂದು ಪೆನ್ನು ತೆಗೆದರು.

ಬಾಗಿಲಲ್ಲಿ ನಿಂತಿದ್ದ ಬೀರಮ್ಮ ತುಟಿಪಿಟಕ್ಕೆನ್ನಲಿಲ್ಲ. ನಿಜ ಹೇಳಿದರೆ ಮೇಡಮ್ಮನವರನ್ನು ಎಲ್ಲಿಗೆ ಎತ್ತಿ ಹಾಕುತ್ತಾರೋ ಎಂಬ ಭಯ. ಹನ್ನೊಂದು ದಿನದ ಗೊಣಗಾಟವನ್ನು ತಡೆದುಕೊಂಡಿದ್ದ ಹೊಂಬಾಳಮ್ಮನವರಿಗೆ ಆ ಮೌನವನ್ನು ಮಾತ್ರ ತಡೆಯಲಾಗಲಿಲ್ಲ.

“ಸರ್, ಆ ಧೂಳು ನನ್ನದು. ಬರೆಯೋದಾದ್ರೆ ನನ್ನ ಹೆಸರು ಬರೀರಿ. ಇದು ಪಾಠೋಪಕರಣ.”

“ಧೂಳು?”

“ಕೂತ್ಕೊಳಿ ಸರ್. ನಾಳೆ ಮಾಡ್ಬೇಕಿದ್ದ ಪಾಠ ಇವತ್ತೇ ಮಾಡ್ತೀನಿ. ಚಂದನ, ಡಸ್ಟ್ ತೋರಿಸಮ್ಮ.”

ಮುಂದಿನ ಸಾಲಿನ ಚಂದನ ಎದ್ದು ಬಂದು, ಕೆನ್ನೆ ಉಬ್ಬಿಸಿ, ಮೇಜಿನ ಮೇಲೆ ಜೋರಾಗಿ ಊದಿದಳು. ಹನ್ನೊಂದು ದಿನದ ಸಾಕಣೆಯೆಲ್ಲ ಮೇಲೆದ್ದಿತು. ಅಧಿಕಾರಿಗಳು ನಾಲ್ಕು ಸಲ ಸೀನಿದರು.

“ಈಗ ಡರ್ಟ್?”

ಚಂದನ ಸುತ್ತ ನೋಡಿದಳು. ಹುಡುಗರ ಕಾಲನ್ನೂ ತೊಳೆಸಿಯೇ ಒಳಗೆ ಬಿಡುವ ಬೀರಮ್ಮ ಗುಡಿಸಿ ಸಾರಿಸಿದ ಕೋಣೆಯಲ್ಲಿ ಎಲ್ಲೂ ಸಿಗಲಿಲ್ಲ. ಕೊನೆಗೆ ಅವಳ ಬೆರಳು, ಕೆಸರು ಮೆತ್ತಿದ ಮಹದೇವಯ್ಯನವರ ಬೂಟಿನತ್ತ ತಿರುಗಿ ನಿಂತಿತು.

ಅಧಿಕಾರಿಗಳು ಬಗ್ಗಿ ನೋಡಿದರು, ಕಾಲು ಒದರಿದರು. ಅದು ಬಿಡಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, “ಊದಿದ್ರೆ ಓಗಲ್ಲ ಸಾ, ತೊಳೀಬೇಕು!” ಎಂದು ಪಾಠವನ್ನು ಪೂರ್ತಿ ಮಾಡಿದ. ಅಷ್ಟರಲ್ಲಿ ಬೀರಮ್ಮ ಒಂದು ಬಕೆಟ್ ನೀರು ತಂದಿಟ್ಟು, “ಬನ್ನಿ ಸ್ವಾಮಿ, ಕಾಲ್ ತೊಳ್ಕಳಿ,” ಎಂದು, ಮನೆಗೆ ಬಂದ ನೆಂಟರನ್ನು ಕರೆಯುವಂತೆ ಕರೆದರು. ಮಹದೇವಯ್ಯನವರಿಗೆ ನಗು ತಡೆಯಲಾಗಲಿಲ್ಲ. ಕಾಲು ತೊಳೆದು ಬಂದು ವರದಿಯಲ್ಲಿ ಬರೆದದ್ದು ಇಷ್ಟೇ: ‘ಶಾಲೆ ಸ್ವಚ್ಛವಾಗಿದೆ. ಒಂದು ಮೇಜು ಪಾಠಕ್ಕೆ ಮೀಸಲು. ಗುಡಿಸುವವರನ್ನು ಮುಂದುವರಿಸುವುದು.’

ಆ ಮಾತಿನಂತೆ ಬೀರಮ್ಮ ಇಂದಿಗೂ ಅಲ್ಲೇ ಇದ್ದಾರೆ. ನಿವೃತ್ತಿಯಾದರೂ ವಾರಕ್ಕೆರಡು ದಿನ ಬಂದು ಪಾಠ ಮಾಡುತ್ತೇನೆಂದು ಹೊಂಬಾಳಮ್ಮನವರು ಹೇಳಿದಾಗ, ಮುಖ್ಯೋಪಾಧ್ಯಾಯರಿಗಿಂತ ಮೊದಲೇ ಅಪ್ಪಣೆ ಕೊಟ್ಟವರೂ ಅವರೇ: “ನೂರ್ ಕಾಲ ಬತ್ತಾ ಇರಿ ಕಣಮ್ಮ. ಪಾಠಕ್ಕೆ ಏನ್ ಬೇಕೋ ಮುಂಚೇನೆ ನಂಗೊಂದ್ ಮಾತ್ ಯೋಳ್ಬುಡಿ.”

ಮುಂದಿನ ಪಾಠ ಹೊಗೆಗೂ ಹಬೆಗೂ ಇರುವ ವ್ಯತ್ಯಾಸವಂತೆ. ಸುದ್ದಿ ಕೇಳಿ ಬಿಸಿಯೂಟದ ಅಡುಗೆಯವರು ಕಂಗಾಲಾಗಿದ್ದಾರೆ. ಮೇಡಂ ಅವರ ಕಣ್ಣು, ಕಾಲು, ಕಂಠ ಇನ್ನೂ ಬಹುಕಾಲ ಗಟ್ಟಿಯಾಗಿರಲಿ, ಅಡುಗೆಮನೆಯ ಚಾವಣಿಯೂ.