ಈರಮ್ಮನ ಅಂಕಪಟ್ಟಿ

"ಇದನ್ನ ಸ್ವಲ್ಪ ಓದವ್ವ. ನಮ್ಮ ಹುಡುಗಿ ಪಾಸಾಗ್ಯಾಳೇನು?"

ಆದೋನಿಯ ನಮ್ಮ ಕಾಲೇಜಿನ ಆಫೀಸು ಕಿಟಕಿಯ ಮುಂದೆ ನನ್ನತ್ತ ಅಂಕಪಟ್ಟಿ ಚಾಚಿ ನಿಂತವರು ಗೆಳತಿ ಈರಮ್ಮನ ಅಪ್ಪ. ದೇವನಕೊಂಡ ಕಡೆಯವರು, ಕುರಿ ಸಾಕುತ್ತಾರೆ, ಓದು ಬರದು. ಡಿಗ್ರಿ ಮೊದಲ ವರ್ಷದ ಪರೀಕ್ಷೆ ಮುಗಿದ ಮೂರನೇ ವಾರದಲ್ಲೇ ಈರಮ್ಮ ಜ್ವರ ಬಂದು ತೀರಿಕೊಂಡಿದ್ದಳು.

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ನಮ್ಮಿಬ್ಬರಿಗೂ ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಇಬ್ಬರೂ ಕೂಡಿಯೇ ಕಾಲೇಜು ಬಿಡೋಣ ಎಂದು ಮಾತಾಡಿಕೊಂಡಿದ್ದೆವು. ನಾನು ಎಲ್ಲ ವಿಷಯಗಳಲ್ಲೂ ಹೇಗೋ ಅಂಚಿನಲ್ಲಿ ಪಾಸಾಗಿದ್ದೆ. ಆದರೂ ಅಂದು ಟಿ.ಸಿ. ತೆಗೆದುಕೊಂಡು ಹೋಗಲೆಂದೇ ಬಂದಿದ್ದೆ.

ಅಂಕಪಟ್ಟಿ ನೋಡಿದೆ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಎಕನಾಮಿಕ್ಸ್ ಒಂದು ಹೋಗೈತಿ ಕಾಕಾ. ಉಳಿದದ್ದೆಲ್ಲಾ ಪಾಸು."

ಅವರು ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

"ಒಂದ ಅಲ್ಲೇನವ್ವ? ಇದ್ದಿದ್ರ ಮತ್ತ ಕುಂತು ಬರೀತಿದ್ಳು ಬಿಡು."

ಇಷ್ಟು ಹೇಳಿ ಮೆಟ್ಟಿಲಿಳಿದು ಗೇಟಿನ ಕಡೆ ನಡೆದರು. ನಿನಗೇನು ಬೇಕೆಂದು ಒಳಗಿದ್ದ ಗುಮಾಸ್ತರು ಕೇಳಿದಾಗ, ಏನೂ ಬೇಡ ಸಾರ್ ಎಂದೆ.

ನಾನೀಗ ಎರಡನೇ ವರ್ಷದಲ್ಲಿದ್ದೇನೆ. ಪಾಠ ಈಗಲೂ ಅರ್ಧದಷ್ಟು ಅರ್ಥವಾಗುವುದಿಲ್ಲ. ಮಗಳಿಗೆ ಧೈರ್ಯ ಬಂತು ಎಂದು ಅವ್ವ ಓಣಿಯವರ ಮುಂದೆ ಹೇಳಿಕೊಳ್ಳುತ್ತಾಳೆ. ಅಂದು ಆ ಅಪ್ಪನ ಮಾತು ಕೇಳಿದ ಮೇಲೆ ಟಿ.ಸಿ. ಕೇಳಲು ನನಗೆ ನಾಚಿಕೆಯಾಗಿತ್ತು ಎಂಬುದನ್ನು ಅವಳಿಗೆ ಇನ್ನೂ ಹೇಳಿಲ್ಲ.